ಕೆಂಪು ಚುಕ್ಕೆಯ ಗುಂಡಿ

ಮೊನ್ನೆ ರವಿಕೆಗೆ ಹುಕ್ಕು ಬೇಕಾಗಿ ಹೊಲಿಗೆ ಡಬ್ಬಿ ಸುರುವಿದೆ. ಹುಕ್ಕು ಸಿಗಲಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಗುಂಡಿಯೊಂದು ಉರುಳಿಕೊಂಡು ಬಂತು. ರೇಡಿಯೋದಲ್ಲಿ ಇರುತ್ತದಲ್ಲ, ತಿರುಗಿಸುವ ಗುಂಡಿ, ಅಂಥದು. ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮೇಷ್ಟ್ರದು.

ಆಗ ಶಿಡ್ಲಘಟ್ಟದಲ್ಲಿ ನಮ್ಮ ಮನೆಗೆ ಅಂಟಿದ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೆವು. ಮೋಟಾರಿನ ಸದ್ದಿಗೆ ಮಾತು ಕೇಳುವುದಿಲ್ಲ, ಎಲ್ಲ ಕೈಸನ್ನೆ. ಅಂಗೈ ಕೆಳಗೆ ಒತ್ತಿದರೆ ಉರಿ ಇಳಿಸು ಎಂದು. ಗಾಳಿಯಲ್ಲಿ ಕೈ ಕಲಕಿದರೆ ನೀರು ಬಗ್ಗಡವಾಗಿದೆ, ಬದಲಾಯಿಸು ಎಂದು. ಎರಡು ಬೆರಳು ಉಜ್ಜಿದರೆ ಎಳೆ ತೆಳುವಾಯಿತು, ಇನ್ನೊಂದು ಗೂಡು ಸೇರಿಸು ಎಂದು. ಮೇಷ್ಟ್ರ ಕಿಟಕಿ ಶೆಡ್ಡಿಗೇ ಎದುರು. ಎರಡೇ ತಿಂಗಳಿಗೆ ಅವರಿಗೂ ಸನ್ನೆ ಬಂತು. ಬೇಯುವ ಗೂಡಿನ ವಾಸನೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಗಿಟಾರ್ ನುಡಿಸುತ್ತಿದ್ದರು.

ರಜೆಯ ದಿನ ಆರ್ಕೆಸ್ಟ್ರಾಕ್ಕೆ ಹೋಗುತ್ತಿದ್ದರು. ದೊಡ್ಡ ಸ್ಪೀಕರನ್ನು ಬಸ್ಸಿನ ಟಾಪಿಗೆ ಹತ್ತಿಸಿ ಇಳಿಸಿ ಸೊಂಟ ಹಿಡಿದ ಮೇಲೆ, ಬೆಂಗಳೂರಿನಿಂದ ಒಂದು ಡಿಜಿಟಲ್ ಪೆಟ್ಟಿಗೆ ತಂದರು. ಹತ್ತು ಥರದ ಸ್ಪೀಕರಿನ ಸದ್ದು ಅದರೊಳಗೇ ಇದೆಯಂತೆ. ಗಿಟಾರಿನ ವೈರು ಇದಕ್ಕೆ, ಇದರ ವೈರು ನೇರ ಮೈಕ್‌ಸೆಟ್ಟಿಗೆ. ಅಷ್ಟರಲ್ಲಿ ಆರ್ಕೆಸ್ಟ್ರಾ ನಡೆಸುವವನು ಹೊಸ ಕೀಬೋರ್ಡ್ ತಂದಿದ್ದ. ಗಿಟಾರಿನ ಸದ್ದೂ ಅದರಲ್ಲೇ ಬರುತ್ತಿತ್ತು. ಚಿಂತಾಮಣಿ ಪ್ರೋಗ್ರಾಮಿನಲ್ಲಿ ಸರಿಹೋಗದಿದ್ದರೆ ಇನ್ನು ಬರುವುದು ಬೇಡ ಎಂದು ಮೇಷ್ಟ್ರಿಗೆ ಹೇಳಿಯೂ ಆಗಿತ್ತು. ಗಿಟಾರ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಲೋಕ ಇರಲಿಲ್ಲ. ಹೆಂಡತಿ ಇಲ್ಲ, ಇಸ್ಪೀಟೂ ಇಲ್ಲ.

ಒಂದು ವಾರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿಗಳನ್ನು ತಿರುಗಿಸಿದರು. ಒಂದು ದಿನ ನನ್ನ ಕಿವಿಗೂ ಇಟ್ಟರು. ಬಾವಿಯೊಳಗಿಂದ ಹಾಡು ಬಂದಂತಿತ್ತು. "ಭಾಳ ಚೆನ್ನಾಗೈತೆ ಮೇಷ್ಟ್ರೇ" ಎಂದುಬಿಟ್ಟೆ. ತಪ್ಪು ನನ್ನದೇ. ಗೂಡನ್ನು ಬುಟ್ಟಿಯಲ್ಲಿ ನೋಡಿ ನೂಲಿನ ಮಾತು ಆಡಬಾರದು, ಬಿಸಿನೀರಿಗೆ ಬಿದ್ದ ಮೇಲೆ ಆಡಬೇಕು. ಅಷ್ಟು ವರ್ಷದ ಕಸುಬು ಹೆಡ್‌ಫೋನ್ ಹಾಕಿದ ಕೂಡಲೇ ಮರೆತೆ.

ಚಿಂತಾಮಣಿಯ ಆ ಕಾರ್ಯಕ್ರಮ ನನ್ನ ತಂಗಿ ಮಗಳ ಆರತಕ್ಷತೆಯೇ. ಮಧ್ಯಾಹ್ನ ನಾನು ಛತ್ರದ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹೊರಗೆ ಆರ್ಕೆಸ್ಟ್ರಾದವರು ಸೌಂಡ್ ನೋಡುತ್ತಿದ್ದರು. ಡ್ರಮ್ಮು, ಕೀಬೋರ್ಡು ಜೊತೆಗೂಡಿದ್ದೇ ತಡ, ಗಿಟಾರ್ ಕಾಣೆಯಾಯಿತು. ಉಳಿದದ್ದು ಗುಂಯ್ ಎನ್ನುವ ಸದ್ದು.

"ಏನ್ ಮೇಷ್ಟ್ರೇ, ಗಿಟಾರಾ ಸೊಳ್ಳೆನಾ?" ಎಂದ ನಡೆಸುವವನು. ಎಲ್ಲರೂ ನಕ್ಕರು. ಮೇಷ್ಟ್ರು ಬೆವರುತ್ತಾ ವಾಲ್ಯೂಮ್ ಏರಿಸಿದರು. ಸೊಳ್ಳೆ ದೊಡ್ಡದಾಯಿತು, ಅಷ್ಟೇ.

ಬೆಳ್ಳುಳ್ಳಿ ಬಿಟ್ಟು ಹೋಗಿ ಕೊನೆಯ ಸಾಲಿನ ಕುರ್ಚಿಯ ಹತ್ತಿರ ನಿಂತೆ. ಕೂಗಿದೆ, ಡ್ರಮ್ಮಿನ ಸದ್ದಿನಲ್ಲಿ ಕೇಳಲಿಲ್ಲ. ಕೈ ಎತ್ತಿದೆ. ಅವರು ನೋಡಿದರು. ಅಂಗೈ ಕೆಳಗೆ ಒತ್ತಿದೆ. ಅರೆಗಳಿಗೆ ಪಿಳಿಪಿಳಿ ನೋಡಿ, ಒಂದು ಗುಂಡಿ ಇಳಿಸಿದರು, ಸದ್ದಿನ ಕರಕರ ಹೋಯಿತು. ಗಾಳಿಯಲ್ಲಿ ಕೈ ಕಲಕಿದೆ. ಬಾವಿಯ ಮೊಳಗು ತೆಗೆದರು. ಬೆರಳು ಉಜ್ಜಿದೆ. ನಡುವಿನ ಗುಂಡಿಯನ್ನು ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ ಏರಿಸುತ್ತಾ ಹೋದರು... ಎಳೆ ಗಟ್ಟಿಯಾಯಿತು. ಡ್ರಮ್ಮಿನ ನಡುವೆಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಬಂತು.

ನಡೆಸುವವನು ನನ್ನತ್ತ ತಿರುಗಿ ನೋಡಿದ. "ಯಾರಮ್ಮಾ ನೀವು, ಸೌಂಡ್ ಇಂಜಿನಿಯರಾ?"

"ನೂಲು ತೆಗಿಯೋಳು ಕಣಪ್ಪ. ನಿನ್ ಕೀಬೋರ್ಡೂ ಸ್ವಲ್ಪ ಇಳಿಸ್ಕೋ, ಅವ್ರಿಗೂ ಜಾಗ ಬಿಡು."

ಮೇಷ್ಟ್ರು ಗುಂಡಿ ನಿಂತ ಜಾಗದ ಗುರುತಿಗೆ ಮದುಮಗಳ ಕೋಣೆಯಿಂದ ಉಗುರುಬಣ್ಣ ತರಿಸಿ, ಆ ನಡುವಿನ ಗುಂಡಿಗೊಂದು, ಅದಕ್ಕೆ ಎದುರಾಗಿ ಪೆಟ್ಟಿಗೆಗೊಂದು ಚುಕ್ಕೆ ಇಟ್ಟರು. ಸಂಜೆ ಜನ ತುಂಬಿದ ಮೇಲೆ ಸದ್ದು ತುಸು ಮಂಕಾಯಿತು. ಹೋಳಿಗೆ ಹಿಡಿದ ಕೈಯಲ್ಲೇ ಬೆರಳು ಉಜ್ಜಿದೆ. ತಿದ್ದಿಕೊಂಡರು. ಒಂದು ಹಾಡಿನ ನಡುವಿನ ಗಿಟಾರ್ ತುಣುಕನ್ನು ಇನ್ನೊಮ್ಮೆ ನುಡಿಸಿ ಎಂದು ಜನ ಕೇಳಿದರು. ಮುಂದಿನ ಪ್ರೋಗ್ರಾಮಿಗೆ ಆರ್ಕೆಸ್ಟ್ರಾ ವ್ಯಾನು ಮೊದಲು ಬಂದದ್ದು ನಮ್ಮ ಬಾಗಿಲಿಗೆ.

ಆಮೇಲೆ ನಾನು ಹೆಡ್‌ಫೋನ್ ಮುಟ್ಟಲಿಲ್ಲ. "ಹೊರಗೆ ಹಾಕ್ರಿ, ಅಂಗಳದ ಆ ಕಡೆ ನಿಂತು ಹೇಳ್ತೀನಿ" ಎನ್ನುತ್ತಿದ್ದೆ. ಹಾಗೆ ನಾಲ್ಕು ವರ್ಷ...

ಗೌರಿಬಿದನೂರಿಗೆ ವರ್ಗವಾಗಿ ಅವರು ಹೊರಟ ಮೇಲೆ ಕೋಣೆ ಗುಡಿಸುವಾಗ ಈ ಗುಂಡಿ ಸಿಕ್ಕಿತು. ಫೋನು ಮಾಡಿದೆ. "ಇಟ್ಟಿರಿ ಅಮ್ಮ, ಬಂದಾಗ ಇಸ್ಕೋತೀನಿ. ಸದ್ಯಕ್ಕೆ ಪೆನ್ನಿನ ಮುಚ್ಚಳ ಸಿಕ್ಕಿಸಿದ್ದೀನಿ" ಎಂದರು. ಬರಲಿಲ್ಲ. ನಾನೂ ಹೋಗಲಿಲ್ಲ, ಶೆಡ್ಡು ಬಿಟ್ಟು ಎಲ್ಲಿ ಹೋಗುವುದು? ಹೃದಯ ನಿಂತು ತೀರಿಕೊಂಡರು ಎಂದು ಇನ್ನೊಬ್ಬ ಮೇಷ್ಟ್ರಿಂದ ತಿಳಿಯಿತು, ಅದೂ ತಿಥಿ ಮುಗಿದ ಮೇಲೆ.

ಹುಕ್ಕನ್ನು ಅಂಗಡಿಯಿಂದ ತಂದೆ. ಗುಂಡಿಯನ್ನು ಡಬ್ಬಿಗೇ ಹಾಕಿದೆ. ಒಂದು ಚುಕ್ಕೆ ನನ್ನ ಹತ್ತಿರ ಇದೆ. ಇನ್ನೊಂದು ಆ ಪೆಟ್ಟಿಗೆಯ ಮೇಲಿತ್ತು. ಪೆಟ್ಟಿಗೆ ಈಗ ಯಾರ ಮನೆಯಲ್ಲಿದೆಯೋ...