ಉಗುರು ಮಾಂಸಕ್ಕಿಳಿದಾಗ

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಯುವವರೆಗೂ ಗಟ್ಟಿಮೂತಿಯ ಸೇಫ್ಟಿ ಶೂನಲ್ಲೇ ನಿಲ್ಲಬೇಕು. ಅದರ ಒತ್ತಡಕ್ಕೋ, ನಾನು ಉಗುರನ್ನು ತೀರಾ ಒಳಗಿನವರೆಗೆ ಕತ್ತರಿಸುತ್ತಿದ್ದುದಕ್ಕೋ, ಬಲಗಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸದೊಳಗೆ ಇಳಿದುಬಿಟ್ಟಿತು. ಕೀವು ಕಂಡ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊರಲ್ಲಿ ನಮ್ಮಪ್ಪನ ಕಾಲಿಗೆ ಚುಚ್ಚಿದ್ದು ಬರೀ ಒಂದು ಜಾಲಿಮುಳ್ಳು. ಅದು ನಂಜೇರಿ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು.

ಚಂದಾಪುರದ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಶುಗರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಗುರಿನ ಅಂಚು ತೆಗೆಯಲು ಮಲಗಿಸಿದರು. ನಾನು ಮತ್ತೆ ಮತ್ತೆ ಎದ್ದು ಕೂರುತ್ತಿದ್ದೆ.

"ಮೇಡಂ, ಈ ಕತ್ರಿ ಬ್ಯಾರೆಯವ್ರಿಗೆ ಬಳಸಿದ್ದಲ್ಲ ಹೌದಲ್ರಿ?"

"ಬಳಸಿರ್ತೀವಿ. ಆಮೇಲೆ ತೊಳೆದು, ಹಬೆಯಲ್ಲಿ ಕಾಯಿಸಿ, ಹೀಗೆ ಸೀಲ್ ಮಾಡಿಡ್ತೀವಿ," ಎಂದು ಪೊಟ್ಟಣವನ್ನು ನನ್ನೆದುರಿಗೇ ಒಡೆದರು. "ಯಾಕಿಷ್ಟು ಹೆದರ್ತೀರಿ?"

ಅಪ್ಪನ ವಿಷಯ ಹೇಳಿದೆ. ಅವರು ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. "ಇಲ್ಲಿ ನಾನು ನೋಡ್ಕೋತೀನಿ. ಮನೇಲಿ ನೀವು ನೋಡ್ಕೋಬೇಕು. ಕಟ್ಟು ನೆನೀಬಾರ್ದು, ಕೈ ತೊಳೀದೆ ಯಾರೂ ಮುಟ್ಟಬಾರ್ದು."

ಬೆರಳಿಗೆ ಕಂದು ಔಷಧಿ ಬಳಿದರು, ಸೂಜಿ ಚುಚ್ಚಿದರು. ಆಮೇಲೆ ನೋವಿಲ್ಲ, ಬರೀ ಎಳೆದಂಥ ಅನುಭವ.

ಮಹಡಿಯ ಬಾಡಿಗೆ ಕೋಣೆಗೆ ಮರಳಿ, ಮಾತ್ರೆ ನುಂಗಿ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದೆ. ಜೊಂಪು ಹತ್ತಿತು. ಕಾಲು ತಣ್ಣಗಾದಂತಾಗಿ ಕಣ್ಣು ಬಿಟ್ಟರೆ, ಕೆಳಗಿರುವ ಮನೆ ಮಾಲೀಕರ ತಾಯಿ ನನ್ನ ಬೆರಳಿನ ಕಟ್ಟು ಬಿಚ್ಚಿ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟಲು ತುಂಬ ಅರಿಶಿನ, ಹರಳೆಣ್ಣೆ. ಅವರ ಉಗುರಿನ ಸಂದಿಯಲ್ಲಿ ಕೊಟ್ಟಿಗೆಯ ಸಗಣಿ ಇನ್ನೂ ಒಣಗಿರಲಿಲ್ಲ.

"ಅರಿಶಿನ ಅಚ್ಚಿದ್ರೆ ಬೇಗ ಮಾಯ್ತದೆ ಕಣಪ್ಪ."

"ಮುಟ್ಟಬ್ಯಾಡ್ರಿ!"

ನನ್ನ ದನಿಗೆ ನಾನೇ ಬೆಚ್ಚಿದೆ. ಕಾಲು ಎಳೆದುಕೊಂಡ ರಭಸಕ್ಕೆ ರಕ್ತ ಬಂತು. ಅಜ್ಜಿ ಬಟ್ಟಲು ಎತ್ತಿಕೊಂಡು ಹೊರಟುಹೋದರು. ನನ್ನ ಹೆಂಡತಿ ಆಟೋ ತಂದಳು. ಡಾಕ್ಟರಮ್ಮ ಬೈಯಲಿಲ್ಲ; ಗಾಯ ತೊಳೆದು ಹೊಸ ಕಟ್ಟು ಹಾಕಿದರು. "ಊತ, ಜ್ವರ ಬಂದ್ರೆ ತಕ್ಷಣ ಬನ್ನಿ," ಎಂದರಷ್ಟೇ.

ಜ್ವರ ಬಂತೇ ಎಂದು ಹಣೆ ಮುಟ್ಟಿಕೊಳ್ಳುವುದೇ ನನ್ನ ಕೆಲಸವಾಯಿತು. ಬೆರಳು ಮಿಡಿದರೆ ಅಪ್ಪ ನೆನಪಾಗುತ್ತಿದ್ದ. ಹೆಂಡತಿ ಸಾಕಾಗಿ, "ಸುಮ್ಮ ಕುಂದರ್ರಿ, ನೋಡಿ ನೋಡಿ ಅದಕ್ಕೂ ದೃಷ್ಟಿ ಆಗ್ತದ," ಎಂದಳು. ಕೆಳಗೆ ಹೋಗಿ ಅಪ್ಪನ ಕಥೆಯನ್ನು ಅಜ್ಜಿಗೆ ಹೇಳಿದವಳೂ ಅವಳೇ.

ಮರುದಿನ ಅಜ್ಜಿ ಬಂದು ಬಾಗಿಲಲ್ಲೇ ನಿಂತರು. "ಒಳಕ್ಕೆ ಬರಾಕಿಲ್ಲ. ಕಾಲು ಎಂಗೈತೆ, ಅಷ್ಟು ಯೋಳು ಸಾಕು."

"ಬರ್ರಿ ಅಜ್ಜಿ, ಕುಂದರ್ರಿ," ಎಂದೆ. ಅವರು ದೂರದ ಗೋಡೆಗೆ ಒರಗಿ ಕೂತು, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

ಗಾಯ ಒಣಗಿತು, ಕೀವಾಗಲಿಲ್ಲ. ಡಾಕ್ಟರಮ್ಮ ಇನ್ನು ಬರುವುದು ಬೇಡ ಎಂದ ಮೇಲೂ ಎಷ್ಟೋ ದಿನ, ಕೆಲಸದ ನಡುವೆ ಮೂಲೆಗೆ ಹೋಗಿ, ಶೂ ಕಳಚಿ ಬೆರಳನ್ನು ಒತ್ತಿ ನೋಡುತ್ತಲೇ ಇದ್ದೆ.