ಆದೆಪ್ಪ ಬಡಿಗೇರನ ಮರೆವು

ಇರಕಲ್ಲಗಡದಲ್ಲಿ ಆದೆಪ್ಪ ಬಡಿಗೇರ ಅಳತೆಗೋಲು ಹಿಡಿದದ್ದನ್ನು ಕಂಡವರಿಲ್ಲ. ಹೊಸ್ತಿಲ ಮೇಲೆ ಗೇಣು ಇಟ್ಟು ಒಮ್ಮೆ ನೋಡಿದನೆಂದರೆ ಮುಗಿಯಿತು. ಹತ್ತು ವರ್ಷ ಬಿಟ್ಟು ಕೇಳಿದರೂ ಯಾರ ಮನೆಯ ಬಾಗಿಲು ಎಷ್ಟು ಗೇಣು, ಎಷ್ಟು ಬೆರಳು ಎಂದು ಪಟಪಟನೆ ಹೇಳುತ್ತಿದ್ದ. ಆ ನೆನಪಿನ ಬಗ್ಗೆ ಅವನಿಗೆ ತುಸು ಸೊಕ್ಕೂ ಇತ್ತೆನ್ನಿ. ನಲವತ್ತು ವರ್ಷ ಉಳಿ, ಬಾಚಿ ಹಿಡಿದು, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿ, ಕೈ ನಡುಗಲು ಶುರುವಾದಾಗ ಕಸುಬನ್ನು ಮಗ ದುರಗಪ್ಪನಿಗೆ ಒಪ್ಪಿಸಿ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಉಡಚಮ್ಮನಿಗೆ ಕಿವಿ ಮಂದ. ಅವಳಿಗೆ ಏನು ಹೇಳಬೇಕೆಂದರೂ ಒದರಬೇಕು. ಈ ಗಂಡಹೆಂಡಿರ ಗುಟ್ಟೆಲ್ಲ ಓಣಿಗೇ ಗೊತ್ತೆಂದು ಜನ ನಗುತ್ತಿದ್ದರು.

೧೯೪೮ರ ಮುಂಗಾರಿನಲ್ಲಿ ಊರಿನ ನಗು ನಿಂತಿತು. ವಿರೂಪಾಕ್ಷಪ್ಪ ಸಾಹುಕಾರರ ಮಗ ಅಂದಪ್ಪ ನಿಜಾಮರ ಆಡಳಿತದ ವಿರುದ್ಧ ಹೋರಾಡಲು ಗಡಿಯಾಚೆಯ ಶಿಬಿರ ಸೇರಿದ್ದ. ಕಾಲಿಗೆ ಗುಂಡು ತಗಲಿ ಮನೆಗೆ ಬಂದು ಅಡಗಿದ್ದಾನೆಂಬ ಸುದ್ದಿ ಹಿಡಿದು ನಿಜಾಮರ ಕಡೆಯ ಬಂದೂಕಿನ ಗುಂಪೊಂದು ಊರಲ್ಲಿ ಬೀಡುಬಿಟ್ಟಿತು. ಸಾಹುಕಾರರ ಮನೆಯನ್ನು ಎರಡು ಸಲ ಜಾಲಾಡಿದರೂ ಅಂದಪ್ಪ ಸಿಗಲಿಲ್ಲ. ಅವನು ಅಲ್ಲೇ ಇದ್ದ. ಹನ್ನೆರಡು ವರ್ಷದ ಹಿಂದೆ, ದರೋಡೆಯ ಭಯಕ್ಕೆಂದು, ಆದೆಪ್ಪ ಆ ಮನೆಯ ಹಲಗೆ ಗೋಡೆಯಲ್ಲಿ ಕಿರುಬಾಗಿಲೊಂದನ್ನು ಕೂಡಿಸಿದ್ದ. ಸಂದು ಕಣ್ಣಿಗೆ ಬೀಳದಂಥ ಕೆಲಸ. ಅದರ ಹಿಂದಿನ ಕತ್ತಲಕೋಣೆಯಲ್ಲಿ ಅಂದಪ್ಪ ಮಲಗಿದ್ದ.

ಒಂದು ಮುಂಜಾನೆ ಗುಂಪಿನ ನಾಯಕ ಆದೆಪ್ಪನ ಕಟ್ಟೆಗೇ ಬಂದ.

"ಊರಿನ ಮನಿಗಳೆಲ್ಲ ನಿನ್ನ ತಲಿಯಾಗ ಅದಾವಂತ. ಸಾಹುಕಾರನ ಮನಿಯಾಗ ಏನೇನು ಮಾಡಿಕೊಟ್ಟಿ, ಹೇಳು."

ಏನೂ ಮಾಡಿಲ್ಲವೆಂದರೆ ನಂಬುವ ಜನವಲ್ಲ. ಮಗನನ್ನು ಕಂಬಕ್ಕೆ ಕಟ್ಟಿ ಬಾಯಿ ಬಿಡಿಸಿಯಾರು. ಆದೆಪ್ಪ ನಾಯಕನ ಮುಖವನ್ನೇ ಪಿಳಿಪಿಳಿ ನೋಡಿ, "ಬರ್ರಿ ಮಾವಾರ, ಯಾವಾಗ ಬಂದ್ರಿ? ನಮ್ಮಕ್ಕ ಆರಾಮ ಅದಾಳಿಲ್ಲೋ?" ಎಂದ. ದುರಗಪ್ಪನನ್ನು ತೋರಿಸಿ ಇವನು ಯಾರೆಂದು ಕೇಳಿದರೆ, ಸತ್ತು ಮೂವತ್ತು ವರ್ಷವಾದ ತಮ್ಮನ ಹೆಸರು ಹೇಳಿದ.

ನಾಯಕ ಅರ್ಧ ನಂಬಿದ. ಇನ್ನರ್ಧಕ್ಕಾಗಿ ಎದುರುಮನೆಯ ಕಟ್ಟೆಯ ಮೇಲೆ ಒಬ್ಬನನ್ನು ಕಾವಲಿಟ್ಟ. ಆತ ಹೊತ್ತಲ್ಲದ ಹೊತ್ತಿನಲ್ಲಿ ಮನೆಯೊಳಗೇ ಬಂದು ನಿಲ್ಲುತ್ತಿದ್ದ. ಹೀಗಾಗಿ ಮರೆವು ಒಳಗೂ ನಡೆಯಬೇಕಾಯಿತು. ದುರಗಪ್ಪನಿಗೇನೋ ಹಿತ್ತಲಲ್ಲಿ ಪಿಸುಮಾತಿನಲ್ಲಿ ತಿಳಿಸಿದ. ಉಡಚಮ್ಮನಿಗೆ ತಿಳಿಸುವುದು ಹೇಗೆ? ಕೈಸನ್ನೆ ಮಾಡಿದರೂ, "ಹಂಗಾರ ನಿಮಗೇನೂ ಆಗಿಲ್ಲೇನ್ರಿ?" ಎಂದು ಕಾವಲಿನವನಿಗೆ ಕೇಳುವಂತೆ ಕೇಳಿಬಿಡುತ್ತಾಳೆ. ಅವಳು ದಿನಾ ಅಳುತ್ತ ರೊಟ್ಟಿ ಮುರಿದು ತುತ್ತು ಮಾಡಿ ತಿನ್ನಿಸಿದಳು, ಕಂಡಕಂಡ ದೇವರಿಗೆ ಹರಕೆ ಹೊತ್ತಳು. ಆ ತುತ್ತು ನುಂಗುವಾಗ ಆದೆಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಶ್ರಾವಣ ಮುಗಿಯುವ ಮುಂಚೆ ಉಡಚಮ್ಮ ಜ್ವರ ಹಿಡಿದು ಮಲಗಿದಳು. ಐದನೆಯ ದಿನ ಆಸೆ ಉಳಿಯಲಿಲ್ಲ. ಮಕ್ಕಳು ಸುತ್ತ ಕುಳಿತಿದ್ದರು. ಕಾವಲಿನವನೂ ಬಂದು ಬಾಗಿಲಲ್ಲಿ ನಿಂತ. ಅವಳು ಗಂಡನ ಕೈ ಹಿಡಿದು, "ಇವತ್ತರ ನನ್ನ ಗುರುತು ಹತ್ತೈತೇನ್ರಿ?" ಎಂದಳು.

ಕಾವಲಿನವನ ಕಣ್ಣು ಆ ಕೈಗಳ ಮೇಲೇ ಇತ್ತು. ಬೆರಳು ಅದುಮಿದರೂ ಅವನಿಗೆ ಕಾಣುತ್ತದೆ.

"ಯಾರ ಬೇ ನೀ? ಯಾರ ಮನಿಯಾಕಿ?" ಎಂದ ಆದೆಪ್ಪ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.

ಅವಳು ಕೈ ಬಿಡಲಿಲ್ಲ. ಮಗನ ಕಡೆ ಹೊರಳಿ, "ಮುಂಜಾನಿಂದ ಏನೂ ತಿಂದಿಲ್ಲ ಅವರು. ಇನ್ನ ಮ್ಯಾಲ ನೀನ ಉಣ್ಣಿಸಪಾ. ಬೈಬ್ಯಾಡ," ಎಂದಳು. ಸಂಜೆಗೆ ತೀರಿಕೊಂಡಳು.

ಭಾರತದ ಸೈನ್ಯ ಬಂದಿತೆಂದು ಗುಂಪು ಊರು ಬಿಟ್ಟದ್ದು ಅದಾಗಿ ಹದಿನೆಂಟು ದಿನಕ್ಕೆ. ಅಂದಪ್ಪ ಕೋಲೂರಿಕೊಂಡು ಬಂದು ಕಾಲಿಗೆ ಬಿದ್ದ. ಆದೆಪ್ಪ ಅವನ ಹೆಸರು ಹಿಡಿದು ಕರೆದು ಎಬ್ಬಿಸಿದ. ಆಮೇಲೆ ಒಳಗೆ ಹೋಗಿ, ಉಡಚಮ್ಮ ಮಲಗುತ್ತಿದ್ದ ಮೂಲೆಗೆ ಮುಖ ಮಾಡಿ ಕುಳಿತು, ಆದದ್ದನ್ನೆಲ್ಲ ಮೊದಲಿನಿಂದ ಒದರಿ ಒದರಿ ಹೇಳತೊಡಗಿದ.