ಹೊಳೆಯಲ್ಲಿ ಹುಟ್ಟಿದ ಮಗ

ಹರಿಹರದ ಹೊಳೆಯಲ್ಲಿ ಸೊಂಟದುದ್ದ ನೀರಿಗಿಳಿದಿದ್ದ ಪಾದ್ರಿಗಳು ಹನುಮಂತಪ್ಪನನ್ನು ಪೂರ್ತಿ ಮುಳುಗಿಸಿ ಎಬ್ಬಿಸಿದರು. ದಾವಣಗೆರೆಯ ಹತ್ತಿ ಗಿರಣಿಯ ಆ ಕೆಲಸಗಾರ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಗಳಿಗೆ ಅದು. ಐವತ್ತರ ದಶಕದ ಕೊನೆಯ ಚಳಿಗಾಲ. ವರದಿಗೆಂದು ಹೋಗಿದ್ದ ನಾನೂ ಸೇರಿ ದಡದಲ್ಲಿದ್ದವರೆಲ್ಲ ನೋಡುತ್ತಿದ್ದುದು ಅವನ ತಾಯಿ ನಾಗವ್ವನನ್ನು. “ಆ ನೀರಾಗ ಮುಳುಗಿದ್ರೆ ನನ್ನ ಹೊಸ್ತಿಲು ತುಳಿಬ್ಯಾಡ” ಎಂದು ಆಕೆ ಬೆಳಿಗ್ಗೆಯೇ ಎಲ್ಲರೆದುರು ಹೇಳಿದ್ದಳು.

ಹಲ್ಲು ಕಟಕಟಿಸುತ್ತಾ ಮಗ ದಡ ಹತ್ತಿದ. ಪಾದ್ರಿಗಳು ಮೆಲ್ಲಗೆ, “ಅಳಬ್ಯಾಡ್ರಿ ನಾಗವ್ವ, ನಿಮ್ಮ ಮಗ ಇವತ್ತು ಈ ನೀರಾಗ ಹೊಸದಾಗಿ ಹುಟ್ಟ್ಯಾನ” ಎಂದರು.

ನಾಗವ್ವ ಸಿಡಿದಳು. “ಹುಟ್ಟಿದ ಕೂಸಿನ್ನ ಹಿಂಗೆ ಗಾಳಿಗೆ ನಿಲ್ಲಿಸ್ತಾರೇನ್ರಿ? ಹಡೆದಿದ್ರೆ ಗೊತ್ತಾಗ್ತಿತ್ತು ನಿಮಗೆ!” ಸೆರಗಿನಿಂದ ಮಗನ ತಲೆಯನ್ನು ತಿಕ್ಕಿ ತಿಕ್ಕಿ ಒರೆಸಿದಳು. “ನಡಿಯಲೇ ಮನಿಗೆ, ಸಾಂಬ್ರಾಣಿ ಹೊಗೆ ಹಾಕ್ತೀನಿ.” ಮೊದಲು ನಕ್ಕವರು ಪಾದ್ರಿಗಳೇ.

ನೀರಿನಿಂದ ಹೊಸ ಜನ್ಮ ಎಂಬ ಮಾತನ್ನು ಆಮೇಲೆ ಚರ್ಚಿನ ಬೋಧನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆಗೆಲ್ಲ ನನ್ನ ಕಣ್ಣಿಗೆ ಬರುವುದು, ಅಂದು ದಾವಣಗೆರೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತು, ಮೀಸೆ ಹೊತ್ತ ಮಗನ ಕಿವಿಯನ್ನು ದಾರಿಯುದ್ದಕ್ಕೂ ಬೈಯುತ್ತಲೇ ಒರೆಸಿದ ತಾಯಿ.